ಅಪ್ಪನನ್ನು ‘ಅಮ್ಮೆ’ ಎನ್ನುವ ಊರಿನಲ್ಲಿ

ತಾಯಿಯ ಮಹಿಮೆಯನ್ನು ಕುರಿತು ಕುಟುಂಬ ಪತ್ರಿಕೆಗಳಲ್ಲಿ ಬಂದಿರುವ ಲೇಖನಗಳಿಗೆ ಲೆಕ್ಕವಿಲ್ಲ. ತಂದೆಯ ವಿಷಯ ಬಂದಾಗ ಮಾತ್ರ ‘ತಂದೆಯೂ ಪೂಜ್ಯನೇ’ ಎಂದು ಒಂದು ವಾಕ್ಯ ಬರೆದು ಲೇಖಕರು ಮುಂದಕ್ಕೆ ಸಾಗುವುದು ವಾಡಿಕೆ. ಇದರಲ್ಲಿ ಲೇಖಕರ ತಪ್ಪೇನೂ ಇಲ್ಲವೆಂದು ನನ್ನ ಭಾವನೆ. ತನ್ನ ಪ್ರಸ್ತಾಪ ಬಂದಾಗ ಒಂದೇ ಮಾತಾಡಿ ಮುಂದಕ್ಕೆ ಸಾಗುವುದು ತಂದೆಯಾದವನ ಸ್ವಭಾವವೇ ಆಗಿದೆ. ಆತನನ್ನು ನಿಲ್ಲಿಸಿ ನಾಲ್ಕು ಮಾತಾಡಿಸಬೇಕಾದರೆ ಏನಾದರೊಂದು ಅಚಾತುರ್ಯ ನಡೆಯಬೇಕು. ನಮ್ಮ ಮನೆಯಲ್ಲಿ ಅಂಥ ಅಚಾತುರ್ಯವೊಂದು 1995ರ ಮಳೆಗಾಲದಲ್ಲಿ, ಮಂಗಳೂರಿನ ಕಾಟಿಪಳ್ಳದಲ್ಲಿ ನಡೆಯಿತು.

ಅದನ್ನು ಹೇಳುವ ಮೊದಲು ಊರಿನ ಪರಿಚಯ ಮಾಡಿಕೊಡಬೇಕು. ಕಾಟಿ ಎಂದರೆ ಕಾಡುಕೋಣ, ಪಳ್ಳ ಎಂದರೆ ನೀರು ನಿಲ್ಲುವ ತಗ್ಗು. ಸುರತ್ಕಲ್ಲಿನ ಪೂರ್ವಕ್ಕಿರುವ ಈ ಊರಿನಲ್ಲಿ ಈಗ ಕಾಡುಕೋಣವೂ ಇಲ್ಲ, ಕಾಡೂ ಇಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರನ್ನು ಕಟ್ಟುವುದಕ್ಕಾಗಿ 1960ರ ದಶಕದಲ್ಲಿ ಅಲ್ಲಿನ ಜನರ ಮನೆಮಠ, ಗದ್ದೆ ತೋಟಗಳನ್ನು ಸರಕಾರ ವಶಪಡಿಸಿಕೊಂಡಿತು. ಹಾಗೆ ನೆಲೆ ಕಳೆದುಕೊಂಡವರಿಗೆ ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ ನಿವೇಶನಗಳನ್ನು ಹಂಚಿದರು. ಆದ್ದರಿಂದಲೇ ಇಲ್ಲಿ ಓಣಿಗಳಿಗೆ ಹೆಸರಿಗಿಂತ ಅಂಕಿಯೇ ಮುಖ್ಯ. ಎರಡನೆಯ ಬ್ಲಾಕ್, ಮೂರನೆಯ ಬ್ಲಾಕ್ ಎಂದೇ ಜನ ವಿಳಾಸ ಹೇಳುತ್ತಾರೆ. ಆ ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಅದರ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಎಲ್ಲವೂ ಬಂದವು. ಅವುಗಳ ಬೆನ್ನಿಗೆ, ಹೊಟ್ಟೆಪಾಡಿಗಾಗಿ, ಬಯಲುಸೀಮೆಯಿಂದ ನಮ್ಮಂಥವರೂ ಬಂದೆವು.

ನಾನು ಬಂದದ್ದು 1988ರಲ್ಲಿ. ನಮ್ಮದು ಆಗಿನ ಧಾರವಾಡ, ಈಗಿನ ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಹಳ್ಳಿ. ಎರೆ ಭೂಮಿ, ಜೋಳ, ಕುಸುಬೆ, ಬಿಳಿ ರೊಟ್ಟಿ. ಅಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಇಲ್ಲಿ ಜೂನ್ ತಿಂಗಳೊಂದರಲ್ಲಿಯೇ ಬೀಳುತ್ತದೆ, ಉಳಿದದ್ದು ಲಾಭ. ಮದುವೆಯಾಗಿ, ಮೂರನೆಯ ಬ್ಲಾಕಿನಲ್ಲಿ ಹಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದೆ. ಮಗಳು 1991ರಲ್ಲಿ ತವರಿನಲ್ಲಿಯೇ ಹುಟ್ಟಿದಳು. ಎರಡನೆಯ ಹೆರಿಗೆ ಮಂಗಳೂರಿನಲ್ಲಿ ಆಗಬೇಕೆಂದು ನಿಶ್ಚಯವಾದಾಗ, ಸಹಾಯಕ್ಕೆಂದು 1995ರ ಮೇ ಕೊನೆಯ ವಾರದಲ್ಲಿ ನನ್ನ ತಂದೆತಾಯಿಗಳು ಊರಿನಿಂದ ಬಂದಿಳಿದರು. ತಾಯಿಯ ಕೈಯಲ್ಲಿ ಬಾಣಂತಿಯ ಖಾರದ ಡಬ್ಬಿ, ಅಂಟಿನುಂಡೆಯ ಡಬ್ಬಿ. ತಂದೆಯವರ ಹೆಗಲ ಮೇಲೆ ಅರ್ಧ ಚೀಲ ಜೋಳ. ಸಮುದ್ರವನ್ನು ನೋಡಬೇಕೆಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. “ಆ ಕಡೆ ಏನ ಸಪ್ಪಳ?” ಎಂದು ಎರಡು ಸಲ ಕೇಳಿದರು, ಅಷ್ಟೇ.

ಮರುದಿನ ಬೆಳಿಗ್ಗೆ ತಂದೆಯವರು ಸ್ನಾನ ಮುಗಿಸಿ, ಲಿಂಗಪೂಜೆ ಪೂರೈಸಿ, ವಿಭೂತಿ ಧರಿಸಿ ಜಗಲಿಯ ಮೇಲೆ ಕುಳಿತಿದ್ದರು. ಬೀದಿಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು “ಬೂತಾಯೀ...” ಎಂದು ಕೂಗುತ್ತ ಬಂದಳು. ಜೀವಮಾನವನ್ನೆಲ್ಲ ಹೊಲದಲ್ಲಿ ಕಳೆದ ರೈತ, ವರ್ಷವರ್ಷವೂ ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಿ ಭೂಮಿಗೆ ಕೈಮುಗಿಯುವ ಮನುಷ್ಯ; ಭೂತಾಯಿಯ ಹೆಸರನ್ನು ಕೂಗುತ್ತ ಬಂದಿದ್ದಾಳೆಂದರೆ ಯಾವುದೋ ದೇವಿಯನ್ನು ಹೊತ್ತು ತಂದಿರಬೇಕೆಂದು ಎದ್ದು ನಿಂತು ಎರಡೂ ಕೈ ಜೋಡಿಸಿದರು. ಗಿರಾಕಿ ಕರೆಯಿತೆಂದು ಆಕೆ ಬಂದು ಬುಟ್ಟಿಯನ್ನು ಜಗಲಿಯ ಮೇಲೆಯೇ ಇಳಿಸಿದಳು! ತುಳುವಿನಲ್ಲಿ ಬೂತಾಯಿ ಎಂದರೆ ಒಂದು ಜಾತಿಯ ಮೀನು ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಮಗಳು ಒಳಗಿನಿಂದ ಓಡಿಬಂದು ಆ ಹೆಂಗಸಿನೊಡನೆ ನಿರರ್ಗಳವಾಗಿ ತುಳುವಿನಲ್ಲಿ ಮಾತಾಡಿ ಆಕೆಯನ್ನು ಕಳುಹಿಸಿಕೊಟ್ಟಳು. ತಂದೆಯವರು ಮತ್ತೊಮ್ಮೆ ಸ್ನಾನಕ್ಕೆ ಹೋದರು. ಹೋಗುವಾಗ ಮಾತ್ರ, “ಪಾಪ, ಆಕಿಗೂ ಹೊಟ್ಟಿಪಾಡು” ಎಂದರು.

ಜೂನ್ ಎರಡನೆಯ ವಾರದಲ್ಲಿ ಗಂಡುಮಗುವಾಯಿತು. ಮನೆಗೆ ಕರೆತಂದ ದಿನ ಪಕ್ಕದ ಮನೆಯ ಹಿರಿಯರು ಕೊಡೆ ಹಿಡಿದು ಬಂದು, ಬಾಗಿಲಲ್ಲಿ ನಿಂತು, “ಬಾಲೆ ಎಂಚ ಉಂಡು?” ಎಂದು ವಿಚಾರಿಸಿದರು. ಮಗು ಹೇಗಿದೆ ಎಂದು ಅದರ ಅರ್ಥ. ತಂದೆಯವರ ಕಿವಿಗೆ ಬಿದ್ದದ್ದು ‘ಬಾಲೆ’ ಮತ್ತು ‘ಉಂಡು’ ಎಂಬ ಎರಡು ಶುದ್ಧ ಕನ್ನಡ ಪದಗಳು. ಅವರು ವಿನಯದಿಂದ, “ಬಾಲೆ ಅಲ್ರಿ, ಗಂಡು ಹುಟ್ಟ್ಯಾನ. ಇನ್ನೂ ಉಂಡಿಲ್ಲ, ಹಾಲು ಕುಡೀತಾನ” ಎಂದು ಉತ್ತರ ಕೊಟ್ಟರು. ಹಿರಿಯರಿಗೂ ಅರ್ಧ ಅರ್ಥವಾಯಿತು. ಅಂದಿನಿಂದ ಅವರಿಬ್ಬರೂ ಗೆಳೆಯರು. ಇವರು ಹೇಳಿದ್ದರಲ್ಲಿ ಅರ್ಧ ಅವರಿಗೆ, ಅವರು ಹೇಳಿದ್ದರಲ್ಲಿ ಅರ್ಧ ಇವರಿಗೆ ತಿಳಿಯುತ್ತಿತ್ತು. ಅನೇಕ ಬೀಗರ ನಡುವೆ ಅಷ್ಟೂ ತಿಳಿವಳಿಕೆ ಇರುವುದಿಲ್ಲ.

ಅಚಾತುರ್ಯ ನಡೆದದ್ದು ಅದೇ ತಿಂಗಳ ಕೊನೆಯಲ್ಲಿ. ಸಂಜೆ ನಾನು ಪಾಳಿ ಮುಗಿಸಿ, ತೊಯ್ದು ತೊಪ್ಪೆಯಾಗಿ ಮನೆಗೆ ಬಂದೆ. ಮಗಳು ಓರಗೆಯ ಹುಡುಗಿಯರೊಂದಿಗೆ ಜಗಲಿಯಲ್ಲಿ ಆಡುತ್ತಿದ್ದವಳು ನನ್ನನ್ನು ಕಂಡು ಎದ್ದು, “ಎನ್ನ ಅಮ್ಮೆ ಬತ್ತೆರ್!” ಎಂದು ಕೂಗಿಕೊಂಡು ಬಂದು ಕಾಲಿಗೆ ತೆಕ್ಕೆಬಿದ್ದಳು. ತಂದೆಯವರು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಟ್ಟೆಗೆ ಹಾಕಿದರು.

“ಏನೋ ತಮ್ಮಾ ಇದು? ಕೂಸು ನಿನಗ ಅಮ್ಮಾ ಅಂತೈತಲ್ಲೋ?”

ಉತ್ತರ ಕೊಟ್ಟವರು ಪಕ್ಕದ ಮನೆಯ ಹಿರಿಯರು. “ಅದು ಹಾಗಲ್ಲ ಮಾರಾಯ್ರೇ. ನಮ್ಮಲ್ಲಿ ಅಮ್ಮೆ ಅಂದ್ರೆ ಅಪ್ಪ. ಅಪ್ಪೆ ಅಂದ್ರೆ ಅಮ್ಮ.”

ತಂದೆಯವರು ಬಹಳ ಹೊತ್ತು ಯೋಚಿಸಿದರು. “ಹಂಗಾದ್ರ ನಮ್ಮ ಸೊಸಿ ಈ ಊರಾಗ ಅಪ್ಪ ಆದಳೇನು?”

“ಅಪ್ಪೆ” ಎಂದು ಮಗಳು ತಿದ್ದಿದಳು.

ತುಳುನಾಡಿನ ಈ ಪದ್ಧತಿ ಲೋಕದಲ್ಲಿ ಒಂಟಿಯಲ್ಲ. ಕಾಕಸಸ್ ಪರ್ವತಗಳ ಬುಡದಲ್ಲಿರುವ ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ, ‘ದೇದಾ’ ಎಂದರೆ ತಾಯಿ. ಹಸುಗೂಸು ತುಟಿಗಳನ್ನು ಮುಚ್ಚಿ ತೆರೆದರೆ ತಾನಾಗಿಯೇ ಹುಟ್ಟುವ ಧ್ವನಿಗಳು ಪಕಾರ ಮಕಾರಗಳು. ಯಾವ ಧ್ವನಿ ಯಾರಿಗೆ ಸೇರಬೇಕೆಂದು ತೀರ್ಮಾನಿಸಿದವರು ದೊಡ್ಡವರು. ಕೂಸಿಗೆ ಆ ವ್ಯಾಜ್ಯದಲ್ಲಿ ಆಸಕ್ತಿಯಿಲ್ಲ. ಈಗೀಗ ತುಳು ಮನೆಗಳಲ್ಲಿಯೂ ಮಕ್ಕಳು ‘ಪಪ್ಪ’ ಎನ್ನುವುದೇ ಹೆಚ್ಚು. ನಮ್ಮ ಮಗಳಿಗೆ ಹಳೆಯ ಪದ ಸಿಕ್ಕಿದ್ದು ಪಕ್ಕದ ಮನೆಯ ಹಿರಿಯರ ಬಾಯಿಂದ.

ಇಷ್ಟಾದರೂ ತಂದೆಯವರಿಗೆ ಸಮಾಧಾನವಾಗಲಿಲ್ಲ. ಅಪ್ಪನನ್ನು ಅಪ್ಪ ಎನ್ನದ ಮಗು ಎಂಥ ಮಗು ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನ ನನ್ನ ಹೆಂಡತಿ ಬಾಣಂತಿ ಕೋಣೆಯಿಂದಲೇ, ಧ್ವನಿ ತಗ್ಗಿಸಿ ನನಗೊಂದು ಪ್ರಶ್ನೆ ಕೇಳಿದಳು: “ನೀವು ಮಾವಾರಿಗೆ ಏನಂತೀರಿ?”

ನಾನು ನನ್ನ ತಂದೆಯನ್ನು ಕರೆಯುತ್ತಿದ್ದುದು ‘ಕಾಕಾ’ ಎಂದು.

ನಮ್ಮ ಕಡೆಯ ತುಂಬಿದ ಮನೆಗಳನ್ನು ಬಲ್ಲ ಓದುಗರಿಗೆ ಇದು ಆಶ್ಚರ್ಯವೆನಿಸದು. ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ ನಮ್ಮ ತಂದೆ ಕಿರಿಯವರು. ದೊಡ್ಡಪ್ಪಂದಿರ ಹನ್ನೊಂದು ಮಕ್ಕಳಿಗೆ ಅವರು ಕಾಕಾ. ಆ ಹನ್ನೊಂದು ಮಂದಿಯ ಹಿಂದೆ ಬೆಳೆದ ನಾವು ಮೂವರು ಮಕ್ಕಳು, ಅವರು ಕರೆದಂತೆಯೇ ಕರೆದೆವು. ತಿದ್ದುವವರು ಯಾರೂ ಇರಲಿಲ್ಲ. ಹಿರಿಯರ ಎದುರಿಗೆ ‘ಇವನು ನನ್ನ ಮಗ’ ಎಂದು ಎದ್ದು ತೋರಿಸಿಕೊಳ್ಳುವುದೇ ಆ ಕಾಲದಲ್ಲಿ ನಾಚಿಕೆಯ ಸಂಗತಿ. ಹಾಗೆ ನೋಡಿದರೆ ತಂದೆಯವರ ಬಾಯಲ್ಲಿ ‘ಅಪ್ಪ’ ಎಂಬ ಪದ ಸದಾ ಇತ್ತು. ಮಠದ ಸ್ವಾಮಿಗಳು ಅಪ್ಪಾವರು. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳಿಗಂತೂ ‘ಅಪ್ಪ’ ಎಂಬುದೇ ಗೌರವನಾಮ. ಊರಿನ ಅರ್ಧ ಗಂಡಸರ ಹೆಸರು ಅಪ್ಪನಿಂದಲೇ ಮುಗಿಯುವುದರಿಂದ, ತೊಟ್ಟಿಲಲ್ಲಿರುವ ಬಸಪ್ಪ, ಶಿವಪ್ಪ, ಶರಣಪ್ಪರು ಹುಟ್ಟುತ್ತಲೇ ಅಪ್ಪಂದಿರು. ಅಪ್ಪನಾಗಿದ್ದೂ ಅಪ್ಪನೆನಿಸಿಕೊಳ್ಳದೆ ಉಳಿದವರು ನಮ್ಮ ಮನೆಯಲ್ಲಿ ಇವರೊಬ್ಬರೇ.

ಇನ್ನೂ ಒಂದು ವಿನೋದವಿದೆ. ಮೊಮ್ಮಗಳು ಅಪ್ಪನಿಗೆ ಅಮ್ಮೆ ಎಂದದ್ದನ್ನು ಆಕ್ಷೇಪಿಸಿದ ಈ ಮಹಾನುಭಾವರು ಆ ನಾಲ್ಕು ವರ್ಷದ ಹುಡುಗಿಯನ್ನು ಕರೆಯುತ್ತಿದ್ದುದು “ಯವ್ವಾ” ಎಂದು. ಹೊಸದಾಗಿ ಹುಟ್ಟಿದ ಗಂಡುಮಗುವಿಗೆ ತೀರಿಹೋದ ತಮ್ಮ ತಂದೆಯ ಹೆಸರನ್ನೇ ಇಡಿಸಿದರು. ಅಲ್ಲಿಗೆ ಮನೆಯಲ್ಲಿ ಆ ಮಗುವನ್ನು ಹೆಸರು ಹಿಡಿದು ಕರೆಯಬಲ್ಲವರು ಯಾರೂ ಇಲ್ಲದಂತಾಯಿತು. ಮಾವನವರ ಹೆಸರನ್ನು ನಾಲಗೆಯ ಮೇಲೆ ತರಬಾರದೆಂದು ನನ್ನ ತಾಯಿ ‘ಅಜ್ಜಪ್ಪ’ ಎಂದರು. ತಂದೆಯವರಿಗೆ ಏಕವಚನವೇ ಬಾರದಾಯಿತು. ಒಂದು ಬೆಳಿಗ್ಗೆ ಅವರು ಒಳಗೆ ಬಂದು ಅತ್ಯಂತ ಗಂಭೀರವಾಗಿ, “ಅಪ್ಪಾರು ಹಾಸಿಗಿ ತೊಯಿಸ್ಯಾರ” ಎಂದು ವರದಿ ಮಾಡಿದರು.

ಶರಣರ ಚರಿತ್ರೆಯನ್ನು ಓದಿದವರಿಗೆ ಈ ಸಂಬಂಧವಾಚಕಗಳ ಅದಲುಬದಲು ಹೊಸದಲ್ಲ. ಬಾಗೇವಾಡಿಯ ಮಾದರಸನ ಮಗನಾಗಿ ಹುಟ್ಟಿದ ಬಸವಣ್ಣನವರು ತಮ್ಮ ಅಪ್ಪನೆಂದು ಹೇಳಿಕೊಂಡದ್ದು ಮಾದಾರ ಚೆನ್ನಯ್ಯನನ್ನು. ಹನ್ನೆರಡನೆಯ ಶತಮಾನದಲ್ಲಿ ಅದು ಎಷ್ಟು ದೊಡ್ಡ ಮಾತಾಗಿತ್ತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಹೆತ್ತ ತಂದೆಗೆ ಆ ಮಾತು ಏನನಿಸಿರಬಹುದು ಎಂದು ಮಾತ್ರ ನಾನು ಆಗಾಗ ಯೋಚಿಸುವುದುಂಟು.

ಮಳೆ ಜೋರಾಗಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ ಇಬ್ಬರು ಹಿರಿಯರೂ ನಮ್ಮ ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದರು. ದುಭಾಷಿಯ ಕೆಲಸ ಮಗಳದು. ಪಕ್ಕದ ಮನೆಯವರು ಪಣಂಬೂರಿನಿಂದ ಎದ್ದುಬಂದವರು. ಮಕ್ಕಳು ಹುಟ್ಟಿದಾಗೆಲ್ಲ ಒಂದೊಂದು ತೆಂಗಿನ ಸಸಿಯನ್ನು ನೆಟ್ಟು, ಮರಗಳ ಲೆಕ್ಕದಲ್ಲಿಯೇ ಮಕ್ಕಳ ವಯಸ್ಸನ್ನು ಹೇಳುತ್ತಿದ್ದ ಮನುಷ್ಯ. ಆ ಮರಗಳೆಲ್ಲ ಬಂದರಿನ ಪಾಲಾದವು. “ಮಕ್ಕಳ ವಯಸ್ಸು ಈಗ ರೇಷನ್ ಕಾರ್ಡಿನಲ್ಲಿ ನೋಡುವುದು” ಎಂದು ಅವರು ನಗುತ್ತಿದ್ದರು.

ಅವರೇ ಒಂದು ದಿನ ಭೂತಾಳಪಾಂಡ್ಯನ ಕಥೆಯನ್ನು ಹೇಳಿದರು. ದೇವಪಾಂಡ್ಯನೆಂಬ ವರ್ತಕ ಹಡಗುಗಳನ್ನು ಕಟ್ಟಿಸಿದ. ಅವು ಕಡಲಿಗಿಳಿಯಬೇಕಾದರೆ ಕುಂಡೋದರನೆಂಬ ಭೂತಕ್ಕೆ ಒಬ್ಬ ಮಗನನ್ನು ಬಲಿಕೊಡಬೇಕಾಯಿತು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿ, ಭೂತಾಳಪಾಂಡ್ಯನೆಂದು ಹೆಸರಿಟ್ಟು ಸಂಪತ್ತನ್ನು ಕೊಟ್ಟಿತು. ಅಂದಿನಿಂದ ಆಸ್ತಿ ಮಗನಿಗಲ್ಲದೆ ಸೋದರಳಿಯನಿಗೆ ಸಲ್ಲತಕ್ಕದ್ದೆಂಬ ಅಳಿಯಸಂತಾನದ ಕಟ್ಟು ಹುಟ್ಟಿತೆಂದು ಐತಿಹ್ಯ. ತುಳುನಾಡಿನ ಬಂಟರು, ಬಿಲ್ಲವರು ಮೊದಲಾದ ಹಲವು ಸಮುದಾಯಗಳಲ್ಲಿ ಮನೆತನದ ಯಜಮಾನಿಕೆ ತಾಯಿಯ ಅಣ್ಣತಮ್ಮಂದಿರದಾಗಿತ್ತು. ಹೆತ್ತ ತಂದೆ ತನ್ನ ಮಕ್ಕಳ ಮನೆಯಲ್ಲಿ ಒಂದು ರೀತಿಯ ಗೌರವಾನ್ವಿತ ಅತಿಥಿ. ಇದಕ್ಕಾಗಿ ಮದ್ರಾಸ್ ಸರಕಾರ 1949ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಗಿ, ತಂದೆಯ ಗಳಿಕೆ ಮಕ್ಕಳಿಗೆ ಹರಿಯತೊಡಗಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸತ್ಯವತಿಯ ತ್ಯಾಗವನ್ನು ಹೊಗಳುತ್ತಾರೆ, ಹೆಂಡತಿಯ ಸ್ವಾರ್ಥವನ್ನು ಹಳಿಯುತ್ತಾರೆ. ನನ್ನ ತಂದೆ ಕಥೆಯನ್ನು ಕೊನೆಯವರೆಗೆ ಕೇಳಿ ಎಲೆಯಡಿಕೆ ಉಗುಳಿ ಬಂದು ಹೇಳಿದರು: “ಹೆತ್ತಾಕಿ ಕೊಡೂದಿಲ್ಲ ಅಂದದ್ದು ಬರೋಬ್ಬರಿ ಐತಿ. ಹಡಗಿನ ಸಲುವಾಗಿ ಮಗನ್ನ ಕೇಳಿದಾಂವ ಅಪ್ಪ ಏನ್ರಿ?” ಮಗಳು ಇದನ್ನು ತುಳುವಿಗೆ ಹೇಗೆ ತಿರುಗಿಸಿದಳೋ ತಿಳಿಯದು. ಹಿರಿಯರು ಮಾತಾಡಲಿಲ್ಲ. ಹಡಗುಗಳಿಗಾಗಿ ತೋಟವನ್ನು ಬಿಟ್ಟುಕೊಟ್ಟು ಬಂದವರು ಅವರು. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ, ತಮ್ಮ ಅಂಗಳದಲ್ಲಿ ಮೊಳಕೆಯೊಡೆದಿದ್ದ ಒಂದು ತೆಂಗಿನ ಸಸಿಯನ್ನು ತಂದು, ಹುಟ್ಟಿದ ಮಗುವಿನ ಹೆಸರಿನಲ್ಲಿ ನೆಡಬೇಕೆಂದು ನಮ್ಮ ಜಗಲಿಯ ಕೆಳಗಿಟ್ಟರು.

ಅದೇ ವಾರದ ಒಂದು ರಾತ್ರಿ. ಹಂಚಿನ ಮೇಲೆ ಮಳೆಯ ಅಬ್ಬರ, ವಿದ್ಯುತ್ತು ಹೋಗಿತ್ತು. ಮಗುವಿನ ಅಳು ಕೇಳಿಸಿ ನನಗೆ ಎಚ್ಚರವಾಯಿತು. ಎದ್ದು ಕುಳಿತುಕೊಳ್ಳುವಷ್ಟರಲ್ಲಿ ಅಳು ನಿಂತಿತು. ಹೊರಗೆ ಬಂದು ನೋಡಿದರೆ, ಜಗಲಿಯ ಕತ್ತಲಲ್ಲಿ ತಂದೆಯವರು ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. “ಮಲಗ್ರೆಪಾ... ಮಲಗ್ರಿ ಅಪ್ಪಾ...” ಎಂದು ಬಹುವಚನದಲ್ಲಿ ಬೇಡಿಕೊಳ್ಳುತ್ತಿದ್ದರು. ನನ್ನನ್ನು ಕಂಡೊಡನೆ, ಕದ್ದ ಮಾಲಿನೊಂದಿಗೆ ಸಿಕ್ಕಿಬಿದ್ದವರಂತೆ ಮಗುವನ್ನು ನನ್ನ ಕೈಗೆ ಹಾಕಿ, “ಅಳಾಕತ್ತಿತ್ತು” ಎಂದರು. ಹಾಗೆಯೇ ಮಳೆಯ ಕಡೆ ಮುಖ ಮಾಡಿ ನಿಂತು, “ನಿನ್ನ ಎತ್ತಿಕೊಂಡಿದ್ದಿಲ್ಲ ನಾ. ಹಿರ್ಯಾರು ಮನ್ಯಾಗ ಇದ್ರು” ಎಂದು ಹೇಳಿ ಒಳಗೆ ಹೋಗಿ ಮಲಗಿದರು. ಮೂವತ್ತೆರಡು ವರ್ಷಗಳ ಮೇಲೆ ಕೊಟ್ಟ ಸಮಜಾಯಿಷಿ. ನಾನು ಕೇಳಿಯೂ ಇರಲಿಲ್ಲ.

ಬೆಳಿಗ್ಗೆ ನನ್ನ ತಾಯಿಗೆ ಈ ಸಂಗತಿಯನ್ನು ಹೇಳಿದೆ. ಅವರು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಲಿಲ್ಲ. “ಸುಳ್ಳು ಹೇಳ್ತಾರ. ದಿನಾ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ನಿನ್ನ ಎತಗೊಂಡು ದನದ ಕೊಟಗ್ಯಾಗ ಅಡ್ಡಾಡ್ತಿದ್ರು. ಎತ್ತುಗಳಿಗೆ ಅಷ್ಟ ಗೊತ್ತು.”

ಶ್ರಾವಣದ ಪಂಚಮಿಗೆ ತಂದೆಯವರು ಪಕ್ಕದ ಮನೆಯ ಹಲಸಿನ ಮರಕ್ಕೆ ಮೊಮ್ಮಗಳಿಗಾಗಿ ಜೋಕಾಲಿ ಕಟ್ಟಿದರು. ಪಕ್ಕದ ಮನೆಯವರು ನಾಗಬನಕ್ಕೆ ಹೋಗಿ ತನು ಎರೆದು ಬಂದರು. ಎರಡೂ ಮನೆಗಳ ನಡುವೆ ಎಳ್ಳುಂಡಿ, ಶೇಂಗಾ ಉಂಡಿ, ಅರಸಿನ ಎಲೆಯ ಕಡುಬು ವಿನಿಮಯವಾದವು. ಆ ಹಬ್ಬ ಮುಗಿದ ಮೇಲೆ ಅವರು ಊರಿಗೆ ಹೊರಟರು. ಹುಬ್ಬಳ್ಳಿಯ ಬಸ್ಸು ರಾತ್ರಿಯದು. ತಂದೆಯವರು ಬೆಳಿಗ್ಗೆ ಹತ್ತು ಗಂಟೆಗೇ ಪಟಗ ಸುತ್ತಿಕೊಂಡು, ಗಂಟು ಕಟ್ಟಿಕೊಂಡು ಜಗಲಿಯಲ್ಲಿ ಕುಳಿತುಬಿಟ್ಟರು. “ಬಸ್ಸು ಮುಂಚೇಕ ಬಂದು ಹೋದ್ರ?” ಎಂಬುದು ಅವರ ವಾದ. ಅಷ್ಟು ಮುಂಚಿತವಾಗಿ ಬಂದುಹೋದ ಬಸ್ಸನ್ನು ನಾನು ಇದುವರೆಗೆ ಕಂಡಿಲ್ಲ.

ಆದರೆ ಈಗ ನೋಡಿದರೆ ನಾನೂ ಹಾಗೆಯೇ ಆಗಿದ್ದೇನೆ. ರೈಲಿಗೆ ಮೂರು ಗಂಟೆ ಮೊದಲೇ ಸುರತ್ಕಲ್ ನಿಲ್ದಾಣದಲ್ಲಿರುತ್ತೇನೆ. ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸುವುದಕ್ಕಾಗಿಯೇ ರಾತ್ರಿ ಒಮ್ಮೆ ಏಳುತ್ತೇನೆ. ಮಗಳು ಕಾಲೇಜಿಗೆ ಹೋಗುವಾಗ, ಮಳೆ ಬಂದರೆ ಕೈಕಂಬದ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದೆ. ಗೆಳತಿಯರ ಎದುರಿಗೆ ಆಕೆಗೆ ನಾಚಿಕೆಯಾಗುತ್ತದೆಂದು ತಿಳಿದು, ಹತ್ತು ಹೆಜ್ಜೆ ಹಿಂದಿನಿಂದ, ಮಡಿಸಿದ ಇನ್ನೊ೦ದು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದೆ. ಆಕೆ ನೆನೆಯುತ್ತ ಹೋಗುತ್ತಿದ್ದಳು, ನಾನು ಕೊಡೆ ಕಾಯುತ್ತ ಬರುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ರೋಗವೆಂದರೆ ಫೋನಿನದು. 1990ರ ದಶಕದಲ್ಲಿ ರಾತ್ರಿ ಹೊತ್ತು ದರ ಕಡಿಮೆಯೆಂದು ಎಸ್.ಟಿ.ಡಿ. ಬೂತಿನಲ್ಲಿ ಸಾಲುಗಟ್ಟಿ ನಿಂತು ಊರಿಗೆ ಫೋನು ಮಾಡುತ್ತಿದ್ದೆ. ಊರಿನ ಅಂಗಡಿಯವರು ತಂದೆಯವರನ್ನು ಕರೆದು ತರುವಷ್ಟರಲ್ಲಿ ಅರ್ಧ ಹಣ ಮುಗಿದಿರುತ್ತಿತ್ತು. ಅವರು ಬಂದು, “ಆರಾಮ? ಊಟ ಆತು? ತಡಿ, ನಿಮ್ಮವ್ವಗ ಕೊಡ್ತೀನಿ” ಎನ್ನುತ್ತಿದ್ದರು. ಮೂರು ವಾಕ್ಯ. ಈಗ ಮಕ್ಕಳು ಫೋನು ಮಾಡಿದರೆ ನಾನು ಹೇಳುವುದೂ ಅವೇ ಮೂರು ವಾಕ್ಯ. ಕರೆಗೆ ಹಣ ಬೀಳುವ ಕಾಲ ಹೋಯಿತು. ವಾಕ್ಯಗಳು ಮಾತ್ರ ಹೆಚ್ಚಾಗಲಿಲ್ಲ.

ಜೂನ್ ತಿಂಗಳ ಮೂರನೆಯ ಭಾನುವಾರ ಬರುವ ತಂದೆಯರ ದಿನಾಚರಣೆಯ ಕಥೆಯೂ ಹೀಗೆಯೇ. ವಿಧುರನಾಗಿ ಮಕ್ಕಳನ್ನು ಬೆಳೆಸಿದ ತನ್ನ ತಂದೆಯ ಗೌರವಾರ್ಥ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಮಹಿಳೆ 1910ರಲ್ಲಿ ಅಮೆರಿಕದ ಸ್ಪೊಕೇನ್ ಪಟ್ಟಣದಲ್ಲಿ ಅದನ್ನು ಆರಂಭಿಸಿದಳು. ತಾಯಂದಿರ ದಿನಕ್ಕೆ ಅಲ್ಲಿ 1914ರಲ್ಲಿಯೇ ಸರಕಾರದ ಮನ್ನಣೆ ದೊರೆಯಿತು. ತಂದೆಯರ ದಿನಕ್ಕೆ ಶಾಶ್ವತ ಮನ್ನಣೆ ಸಿಕ್ಕಿದ್ದು 1972ರಲ್ಲಿ. ಐವತ್ತೆಂಟು ವರ್ಷ ಆತ ಬಸ್ ನಿಲ್ದಾಣದಲ್ಲಿ ಕಾಯುತ್ತ ಕುಳಿತಿದ್ದನೆಂದೇ ಹೇಳಬೇಕು. ನಮ್ಮ ಕರಾವಳಿಯಲ್ಲಿ ಆ ಭಾನುವಾರ ಬೀಳುವ ಮಳೆಗೆ ಯಾವ ಆಚರಣೆಯೂ ನಿಲ್ಲುವುದಿಲ್ಲವೆಂಬುದು ಬೇರೆಯ ಮಾತು.

2003ರಲ್ಲಿ ತಂದೆಯವರು ಕಾಯಿಲೆ ಬಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ನಾನು ರಜೆ ಹಾಕಿ ಹೋಗಿ ಹತ್ತು ದಿನ ಜೊತೆಗಿದ್ದೆ. ಒಂದು ಬೆಳಿಗ್ಗೆ, ಏಕೋ ಏನೋ, ಹಾಸಿಗೆಯ ಪಕ್ಕ ನಿಂತು, “ಅಪ್ಪಾ” ಎಂದು ಕರೆದೆ. ಅವರು ಕಣ್ತೆರೆದು, ಮೊದಲು ಎಡಗಡೆಯ ಮಂಚವನ್ನೂ ಆಮೇಲೆ ಬಲಗಡೆಯ ಮಂಚವನ್ನೂ ನೋಡಿದರು.

“ಯಾರ ಅಪ್ಪನ್ನ ಕರಿಯಾಕತ್ತೀಯೋ ತಮ್ಮಾ?”

“ನಿನ್ನ ಕರದೆ.”

“ಕಾಕಾ ಅನ್ನು. ಅದ ಕೇಳಿ ರೂಢಿ ಐತಿ” ಎಂದು ಕಣ್ಣುಮುಚ್ಚಿಕೊಂಡರು. ನನಗೆ ಪೆಚ್ಚೆನಿಸಿತು. ಅಂದು ರಾತ್ರಿ ದೀಪ ಆರಿಸಿ ನಾನು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ ಮೇಲೆ, ಮೇಲಿನಿಂದ ಧ್ವನಿ ಬಂತು: “ಮುಂಜಾನಿ ಏನೋ ಅಂದ್ಯಲ್ಲ, ಇನ್ನೊಮ್ಮೆ ಅನ್ನು.” ಅಂದೆ. “ಹೂಂ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮರುವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಅವರು ಲಿಂಗೈಕ್ಯರಾದರು. ಪಕ್ಕದ ಮನೆಯ ಹಿರಿಯರು ಸುದ್ದಿ ಕೇಳಿ, ನಮ್ಮ ಅಂಗಳದ ತೆಂಗಿನ ಮರದ ಬುಡದಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ಅದು ಆಗಲೇ ಕಾಯಿ ಬಿಡುತ್ತಿತ್ತು.

ಮಗಳು ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಮದುವೆಯಾಗಿ ನೆಲೆಸಿದಳು. ನನ್ನನ್ನು ಆಕೆ ಕೊನೆಗೂ ‘ಅಮ್ಮೆ’ ಎಂದೇ ಕರೆಯುತ್ತಾಳೆ; ಮೊಬೈಲಿನಲ್ಲಿಯೂ ನನ್ನ ಸಂಖ್ಯೆ ಅದೇ ಹೆಸರಿನಲ್ಲಿದೆ. 2019ರಲ್ಲಿ ಆಕೆಯ ಹೆರಿಗೆಗೆ ನಾವು ಹೋಗಬೇಕಾಗಿದ್ದ ರೈಲು ಇನ್ನೂ ಎಂಟು ದಿನ ಮುಂದಿತ್ತು. ನಾನು ಗಂಟು ಕಟ್ಟಿ ಮುಗಿಸಿದ್ದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಕೂಸು ನಮ್ಮ ವಂಶದ ಪದ್ಧತಿಯಂತೆ ಹೊತ್ತಿಗೆ ಮುಂಚೆಯೇ ನಿಲ್ದಾಣಕ್ಕೆ ಬಂದುಬಿಟ್ಟಿತು. ಅಳಿಯ ಔಷಧಿ ತರಲು ಕೆಳಗೆ ಹೋಗಿದ್ದ ಹೊತ್ತಿನಲ್ಲಿ, ಮಗಳು ಮನೆಗೆ ತಿಳಿಸೆಂದು ಮೊಬೈಲನ್ನು ದಾದಿಯ ಕೈಗೆ ಕೊಟ್ಟಳಂತೆ. ದಾದಿ ಕೇರಳದವಳು. ಮಲಯಾಳದಲ್ಲಿ ತಾಯಿಯನ್ನು ಕೂಗಿ ಕರೆಯುವಾಗ ‘ಅಮ್ಮೇ’ ಎನ್ನುತ್ತಾರೆ. ಆಕೆ ಹೆಸರನ್ನು ನೋಡಿದಳು, ಒತ್ತಿದಳು.

ಬೆಳಗಿನ ಜಾವ ಫೋನು ಬಡಿದುಕೊಂಡಾಗ ಹೆಂಡತಿ ಹಿತ್ತಿಲಿನಲ್ಲಿದ್ದಳು. ನಾನೇ ಎತ್ತಿಕೊಂಡೆ. “ಅಮ್ಮಾ, ನಿಮ್ಮ ಮಗಳಿಗೆ ಡೆಲಿವರಿ ಆಯ್ತು. ಹೆಣ್ಣುಮಗು” ಎಂದು ಆಕೆ ಒಂದೇ ಉಸಿರಿಗೆ ಹೇಳಿದಳು.

“ಹಾಂ” ಎಂದೆ.

ಗಂಡಸಿನ ಧ್ವನಿ ಕೇಳಿ ಆಕೆ ಗಲಿಬಿಲಿಗೊಂಡಳು. “ಸಾರಿ ಸಾರ್, ಅಮ್ಮನಿಗೆ ಕೊಡ್ತೀರಾ?”

ಹಿತ್ತಿಲ ಬಾಗಿಲು ತೆರೆದಿತ್ತು. ಹೆಂಡತಿಯ ಬಳೆಗಳ ಸದ್ದು ಕೇಳಿಸುತ್ತಿತ್ತು. ತಡಿ, ಕೊಡ್ತೀನಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ನಾನು ಫೋನನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕೇಳಿದೆ:

“ಬಾಲೆ ಎಂಚ ಉಂಡು?”

ಪಾಪ, ಆಕೆಗೆ ತುಳು ಬರುತ್ತಿರಲಿಲ್ಲ.